ಅಡ್ಡಗತಿ ಮೀಮಾಂಸೆ, ಅರ್ಥಾತ್ ಡ್ರಿಫ್ಟಿಂಗ್ ಲಕ್ಷಣ ವಿಚಾರ

ಕಾರಿನ ಮೂತಿ ಎತ್ತ ಇದೆಯೋ ಪಯಣವೂ ಅತ್ತಲೇ ಎಂಬುದು ಪೂರ್ವಾಚಾರ್ಯರ ಮತ. ಮೂತಿ ಒಂದು ಕಡೆ, ಪಯಣ ಇನ್ನೊಂದು ಕಡೆ ಇದ್ದರೂ ಅಡ್ಡಿಯಿಲ್ಲ ಎಂಬುದು ಜಪಾನಿನ ನವ್ಯ ಪಂಥ. ಇದರ ಆದಿಪುರುಷರು ಕುನಿಮಿತ್ಸು ತಕಹಾಶಿ. 1961ರಲ್ಲಿ ಮೋಟಾರ್‌ಸೈಕಲ್ ಗ್ರ್ಯಾನ್ ಪ್ರಿ ಗೆದ್ದ ಈ ಮಹನೀಯರು ಮುಂದೆ ಕಾರಿಗೆ ಹತ್ತಿ, 1970ರ ದಶಕದಲ್ಲಿ ತಿರುವುಗಳನ್ನು ಜಾರುತ್ತಲೇ ದಾಟತೊಡಗಿದರು. ಅವರಿಂದ ಸ್ಫೂರ್ತಿ ಪಡೆದ ಕೇಯಿಚಿ ತ್ಸುಚಿಯಾ ಘಾಟಿ ರಸ್ತೆಗಳಲ್ಲಿ ಸಾಧನೆಗೈದು ‘ಡ್ರಿಫ್ಟ್ ಕಿಂಗ್’ ಬಿರುದಾಂಕಿತರಾದರು.

ಮೊದಲು ಪರಮತ ಖಂಡನೆ. ಡ್ರ್ಯಾಗ್ ರೇಸಿನವರಿಗೆ 402 ಮೀಟರಿನ ನೇರ ರಸ್ತೆಯೇ ಬ್ರಹ್ಮಾಂಡ. ತಿರುವೆಂಬ ಪದಾರ್ಥವನ್ನೇ ಒಪ್ಪದವರೊಡನೆ ವಾದವೇನು? ಬಿಟ್ಟೆವು. ಆಟೊಕ್ರಾಸಿನವರು ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನು ನಿಲ್ಲಿಸಿಕೊಂಡು ಸುತ್ತುವ ಕರ್ಮಠರು. ಅಮೆರಿಕದ ರೂಢಿಯಲ್ಲಿ ಒಂದು ಕೋನ್ ಉರುಳಿಸಿದ ಪಾಪಕ್ಕೆ ಪ್ರಾಯಶ್ಚಿತ್ತ 2 ಸೆಕೆಂಡು.

ರ‍್ಯಾಲಿಯವರ ಆಕ್ಷೇಪ ಮಾತ್ರ ಗಟ್ಟಿ. (ಪಕ್ಕದ ಸೀಟಿನವರ ಮಾತನ್ನು ಚಾಲಕ ಮರುಮಾತಿಲ್ಲದೆ ಪಾಲಿಸುವುದು ಈ ಸಂಪ್ರದಾಯದಲ್ಲಷ್ಟೇ ಎಂಬ ಕಾರಣಕ್ಕೂ ಇವರಿಗೆ ಗೌರವ ಸಲ್ಲಬೇಕು.) ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಯಲ್ಲಿ ನಾವೂ ಜಾರುತ್ತೇವಲ್ಲ, ಜಾರುವುದೇ ಡ್ರಿಫ್ಟಿಂಗ್ ಎಂದರೆ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ತಗಲದೇ? ತಗಲದು. ರ‍್ಯಾಲಿಯವನು ಬೇಗ ಗುರಿ ಮುಟ್ಟಲು ಜಾರುತ್ತಾನೆ. ಡ್ರಿಫ್ಟಿಗ ಜಾರಲೆಂದೇ ಜಾರುತ್ತಾನೆ. ಅವನದು ಕಾಮ್ಯಕರ್ಮ, ಇವನದು ನಿಷ್ಕಾಮ.

ನಿಷ್ಕಾಮ ಹೇಗೆಂದರೆ, ಒಣ ಡಾಂಬರಿನ ಮೇಲೆ ಜಾರುವ ಟೈರಿಗೆ ಉರುಳುವ ಟೈರಿನಷ್ಟು ಹಿಡಿತ ಸಿಗದು. ಅಂದರೆ ಇಷ್ಟೆಲ್ಲ ಗದ್ದಲ ಮಾಡಿ ಹೋಗುವುದು ತಡವಾಗಿಯೇ. ಹಾಗಾಗಿ ಈ ದರ್ಶನದಲ್ಲಿ ಗಡಿಯಾರಕ್ಕೆ ಪ್ರಾಮಾಣ್ಯವಿಲ್ಲ. 2001ರ ಹೊತ್ತಿಗೆ ಡಿ1 ಗ್ರ್ಯಾನ್ ಪ್ರಿ ಸರಣಿಯೇ ಶುರುವಾದಾಗಲೂ ತೀರ್ಪು ಕೊಟ್ಟವರು ಕುಳಿತು ನೋಡುವ ಪಂಡಿತರು: ಕೋನ ಎಷ್ಟು, ಪಥ ಸರಿಯೇ, ಠೀವಿ ಇತ್ತೇ. ಸಂಗೀತ ಸ್ಪರ್ಧೆಯಲ್ಲಿ ಆಗುವ ಜಗಳಗಳೆಲ್ಲ ಇಲ್ಲಿಯೂ ಆಗುತ್ತವೆ ಎಂದು ಬೇರೆ ಹೇಳಬೇಕಿಲ್ಲ.

ಪ್ರಯೋಗ ವಿಧಿ: ಹಿಂಚಕ್ರ ಎಳೆತದ ಕಾರು ಉತ್ತಮಾಧಿಕಾರಿ. ಎರಡನೇ ಗೇರಿನಲ್ಲಿ ತಿರುವಿಗೆ ನುಗ್ಗಿ, ಆಕ್ಸಿಲರೇಟರಿನಿಂದ ಕಾಲು ತೆಗೆಯದೆ, ಕ್ಲಚ್ಚನ್ನು ಫಟ್ಟನೆ ತುಳಿದು ಬಿಡತಕ್ಕದ್ದು. ಹಿಂಭಾಗ ಹೊರಗೆ ಬೀಸುತ್ತದೆ. ತಿರುವು ಎಡಕ್ಕಿದ್ದರೆ ಸ್ಟಿಯರಿಂಗ್ ಬಲಕ್ಕೆ. ದೃಷ್ಟಿ ಬಲಗಡೆಯ ಕಿಟಕಿಯಲ್ಲಿ. ಮುಂದಿನ ಗಾಜು ಆ ಹೊತ್ತಿಗೆ ಬರಿಯ ಅಲಂಕಾರ.

ಅಡುಗೆಮನೆ ತೋರಿಸಿ ‘ಹೊಗೆಯಿದ್ದಲ್ಲಿ ಬೆಂಕಿ’ ಎಂದು ಸಾಧಿಸಿದ ತಾರ್ಕಿಕರು ಒಮ್ಮೆ ಫುಕುಶಿಮಾದ ಎಬಿಸು ಸರ್ಕ್ಯೂಟಿಗೆ ಬರಬೇಕಿತ್ತು. ಅಲ್ಲಿ ಜಾರುವ ಟೈರುಗಳಿಂದ ಕಾರೇ ಕಾಣದಷ್ಟು ಹೊಗೆ, ಬೆಂಕಿ ಎಲ್ಲಿ? ಶಾಸ್ತ್ರದ ಬುಡಕ್ಕೇ ಏಟು.

ಇನ್ನು ಸಾಧಕ ಲಕ್ಷಣ. ಡಿಕ್ಕಿ ತುಂಬ ಹಳೆಯ ಟೈರು, ಕೈಯಲ್ಲಿ ಜ್ಯಾಕು. ಗೋಡೆಗೆ ಸವರಿ ಸೀಳಿದ ಬಂಪರನ್ನು ಇವರು ಬದಲಿಸುವುದಿಲ್ಲ. ಸೀಳಿನ ಎರಡೂ ಅಂಚಿಗೆ ತೂತು ಕೊರೆದು ಪ್ಲಾಸ್ಟಿಕ್ ಕೇಬಲ್ ಟೈಗಳಿಂದ ಹೊಲಿದು, ಬಾಲಗಳನ್ನೂ ಕತ್ತರಿಸದೆ ಬಿಡುತ್ತಾರೆ. ಇದೇ ದೀಕ್ಷಾಸೂತ್ರ. ಹೊಲಿಗೆಯಿಲ್ಲದ ಬಂಪರಿನವನನ್ನು ಪಂಕ್ತಿಗೆ ಸೇರಿಸಬಹುದೇ ಎಂಬಲ್ಲಿ ಮಾತ್ರ ಆಚಾರ್ಯರಲ್ಲಿ ಭಿನ್ನಮತವುಂಟು.