ನೀರಿನ ಮಟ್ಟ ತೃಪ್ತಿಕರ

ಹೂವಿನಹಡಗಲಿಯಲ್ಲಿ ಮಲ್ಲಿಗೆಗೆ ಬರವಿಲ್ಲ, ನಿವೃತ್ತ ನೌಕರರಿಗೂ ಇಲ್ಲ. ಮೇಷ್ಟ್ರಾಗಿ ನಿವೃತ್ತರಾದವರು ಎದುರು ಸಿಕ್ಕವರ ಕಾಗುಣಿತ ತಿದ್ದುತ್ತಾರೆ, ಕಂದಾಯದವರು ಪಹಣಿ ಕೇಳುತ್ತಾರೆ. ನೀರಾವರಿ ಇಲಾಖೆಯವರದು ಇನ್ನೂ ಬಿಗಿ. ಎಲ್ಲಿ ನೀರು ಕಂಡರೂ ಅದರ ಮಟ್ಟ ಬರೆದಿಡದೆ ಅವರಿಗೆ ಊಟ ಸೇರುವುದಿಲ್ಲ.

ನಮ್ಮ ಓಣಿಯ ಡ್ಯಾಂ ಸಾಹೇಬರು ಈ ಪಂಗಡದ ಹಿರಿಯ ತಲೆ. ಪಿಂಚಣಿ ಶುರುವಾದದ್ದೇ ತಡ, ಹಿತ್ತಲಿನ ಮಲ್ಲಿಗೆ ಮಡಿಗಳ ಕೆಳಗೆ ಒಂದು ಸಿಮೆಂಟಿನ ಕೊಳ ಕಟ್ಟಿಸಿದರು. ಹತ್ತಡಿ ಉದ್ದ, ಆರಡಿ ಅಗಲ, ಎರಡೂವರೆ ಅಡಿ ಆಳ. ಒಟ್ಟು 150 ಘನ ಅಡಿ. ಟಿಎಂಸಿಯಲ್ಲಿ ಹೇಳಿದರೆ 0.00000015. ಅವರು ಟಿಎಂಸಿಯಲ್ಲೇ ಹೇಳುತ್ತಾರೆ. ಒಳಗೋಡೆಗೆ ಬಿಳಿ ಬಣ್ಣದ ಅಳತೆಪಟ್ಟಿ ಬರೆಸಿ, ತುದಿಯಲ್ಲಿ 1633 ಎಂದು ಹಾಕಿಸಿದ್ದಾರೆ. ಅದು ಹೊಸಪೇಟೆಯ ತುಂಗಭದ್ರಾ ಜಲಾಶಯದ ಪೂರ್ಣಮಟ್ಟ, ಅಡಿಗಳಲ್ಲಿ. ಇಲ್ಲಿ ಯಾಕೆ ಎಂದು ಕೇಳಿದರೆ, "ಲೆಕ್ಕಕ್ಕೊಂದು ಶಿಸ್ತು ಬೇಕಲ್ರೀ" ಎನ್ನುತ್ತಾರೆ.

2024ರ ಆಗಸ್ಟ್ 10ರ ರಾತ್ರಿ ಆ ಜಲಾಶಯದ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಷ್ಟೆ. ನದೀಪಾತ್ರದ ಜನ ಕಂಗಾಲಾಗಿದ್ದರು. ಸಾಹೇಬರು ಬೆಳಗ್ಗೆ ಎದ್ದವರೇ ಕೊಳದ ರಬ್ಬರ್ ಬಿರಡೆಗೆ ಕಟ್ಟಿದ್ದ ಸರಪಳಿ ಬದಲಿಸಿದರು.

ಇಷ್ಟೆಲ್ಲ ಎಚ್ಚರದ ನಡುವೆ ಹೇಳದೆ ಕೇಳದೆ ಬಂದದ್ದು ಪಾಚಿ. ಇಲ್ಲಿಯ ಹಳಬರ ಬಾಯಲ್ಲಿ ಹಾವಸಿ. ಮೊದಲು ನೀರು ತೆಳು ಹಸಿರಾಯಿತು. ಸಾಹೇಬರು ಆಕಾಶದ ನೆರಳೆಂದರು. ಆಮೇಲೆ ಗೋಡೆಗೆ ಕೂದಲಿನಂಥ ಎಳೆಗಳು ಹತ್ತಿದವು. ಮಟ್ಟದ ಪಟ್ಟಿ ಕಾಣದಾದಾಗ ಮಾತ್ರ ಅದು ತುರ್ತು ಪರಿಸ್ಥಿತಿ ಆಯಿತು.

ಮೊದಲ ಕ್ರಮ: ಪೂರ್ತಿ ನೀರು ಬಿಡುಗಡೆ. ಕೆಳಗಿನ ಮನೆಯವರಿಗೆ ಮುನ್ಸೂಚನೆಯನ್ನೂ ಕೊಟ್ಟರು. ಗೋಡೆ ತಿಕ್ಕಿಸಿ, ಬೋರಿನ ಗಡಸು ನೀರು ತುಂಬಿಸಿ, ಫೋಟೊ ತೆಗೆಸಿದರು. ವಾರ ತುಂಬುವುದರೊಳಗೆ ನೀರು ಮೊದಲಿಗಿಂತ ಹಸಿರು. ಆಗದೆ ಏನು? ಹೊಸ ನೀರಿನ ಜತೆ ಹೊಸ ಲವಣ ಬಂತು, ಕೊಳೆಯನ್ನು ಅರಗಿಸುತ್ತ ಗೋಡೆಗೆ ಕೂತಿದ್ದ ಒಳ್ಳೆಯ ಸೂಕ್ಷ್ಮಜೀವಿಗಳು ತಿಕ್ಕಿದ ಬ್ರಷ್ಷಿಗೆ ಹೋದವು, ಮೇಲೆ ಹಡಗಲಿಯ ಬಿಸಿಲು. ಪಾಚಿಗೆ ಇದಕ್ಕಿಂತ ಒಳ್ಳೆಯ ಬೀಗರೂಟ ಇಲ್ಲ.

ಎರಡನೆಯದು ವಿದೇಶಿ ತಂತ್ರಜ್ಞಾನ. ಇಂಗ್ಲೆಂಡಿನಲ್ಲಿ ಬಾರ್ಲಿ ಹುಲ್ಲಿನ ಸಿವುಡು ಕೊಳದಲ್ಲಿ ತೇಲಿಬಿಡುತ್ತಾರೆ. ಅದು ನಿಧಾನ ಕೊಳೆಯುತ್ತ ಹೊಸ ಪಾಚಿಯನ್ನು ತಡೆಯುತ್ತದೆಂದು ನಂಬಿಕೆ. ಕೆಲವು ಕಡೆ ಕೆಲಸ ಮಾಡಿದೆ, ಕೆಲವು ಕಡೆ ಇಲ್ಲ. ಹಡಗಲಿಯಲ್ಲಿ ಬಾರ್ಲಿ ಎಲ್ಲಿಂದ ತರುವುದು? ಸಾಹೇಬರು ಜೋಳದ ಕಣಿಕಿ ಕಟ್ಟಿ ಇಳಿಸಿದರು. ಕೊಳ ನಾರಿತು. ಎದುರುಮನೆಯ ಎಮ್ಮೆ ಎರಡು ದಿನ ಅತ್ತಲೇ ಮುಖ ಮಾಡಿ ನಿಂತಿತು.

ಮೂರನೆಯದು ಮೈಲುತುತ್ತ. ಅದು ಪಾಚಿ ಕೊಲ್ಲುವುದು ನಿಜ. ಆದರೆ ಲೀಟರಿಗೆ ಅರ್ಧ ಮಿಲಿಗ್ರಾಂ ಹಿಡಿದರೂ ಅಷ್ಟು ನೀರಿಗೆ ಎರಡು ಗ್ರಾಂ ಆಸುಪಾಸು, ಮೀನಿರುವ ಕೊಳಕ್ಕೆ ಅದೂ ಧೈರ್ಯದ ಮಾತು. ಸಾಹೇಬರದು ಇಲಾಖೆಯ ಕೈ, ಮುಷ್ಟಿಯಲ್ಲಿ ಅಳೆಯುತ್ತದೆ. ಪಾಚಿ ಒಮ್ಮೆಲೇ ಸತ್ತು ಕೊಳೆತು ನೀರಿನ ಆಮ್ಲಜನಕವನ್ನು ಎಳೆದುಕೊಂಡಿತು. ಮುಂಜಾನೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

"ನೋಡ್ರೀ, ಹಸಿದಾವ" ಎಂದು ಸಾಹೇಬರು ಇನ್ನೊಂದು ಹಿಡಿ ಆಹಾರ ಹಾಕಿದರು.

ಕೊಳದ ಗುಟ್ಟು ಇದ್ದದ್ದೇ ಆ ಹಿಡಿಯಲ್ಲಿ. ಬೆಳಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ, ಮೊಮ್ಮಕ್ಕಳು ಬಂದರೆ ಚುರುಮುರಿ. ಮೀನು ತಿಂದು ಬಿಟ್ಟದ್ದು, ತಿನ್ನದೆ ಬಿಟ್ಟದ್ದು ಎರಡೂ ಪಾಚಿಗೆ ಗೊಬ್ಬರ. ಸಾಲದೆಂಬಂತೆ ಮೇಲಿನ ಮಲ್ಲಿಗೆ ಮಡಿಗೆ ಹಾಕಿದ ಕುರಿಗೊಬ್ಬರ, ಡಿಎಪಿ ಎಲ್ಲ ಮಳೆ ಬಂದಾಗ ತೊಳೆದುಕೊಂಡು ನೇರ ಕೊಳಕ್ಕೆ. ಇಳಿಜಾರಿನ ನಕ್ಷೆ ತೆಗೆದವರು ಸಾಹೇಬರೇ. "ಒಳಹರಿವು ಚಲೋ ಇರಬೇಕು" ಎಂದು.

ಹೂ ಬಿಡಿಸಲು ಬರುವ ಅಜ್ಜಿ ಒಂದಿನ ಬುಟ್ಟಿ ಇಳಿಸಿ ನೋಡಿ ಹೇಳಿದಳು: "ಯಪ್ಪಾ ಸಾಹೇಬ್ರ, ಗಿಡಕ್ಕ ಹಾಕಿದ್ದ ಗೊಬ್ಬರ ಹಾವಸಿ ಉಂಡು ಕುಂತೈತಿ. ಮ್ಯಾಲ ಒಂದು ಬದು ಹಾಕ್ರಿ. ಮೀನಿಗೆ ಕೂಳು ಕಮ್ಮಿ ಮಾಡ್ರಿ. ತಾವರಿ ಎಲಿ ಹರಡ್ಲಿ, ಬಿಸಿಲು ಬೀಳಬಾರದು."

ಮೂರು ಮಾತು, ಮೂರೂ ಸರಿ. ಎಲೆಗಳು ನೀರಿನ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿದರೆ ಪಾಚಿಗೆ ಸಾಕಷ್ಟು ಬೆಳಕು ಸಿಗುವುದಿಲ್ಲ. ಎಳೆ ಪಾಚಿಯನ್ನು ಒರಟು ಕೋಲಿಗೆ ಸುತ್ತಿ ಎಳೆದು ತೆಗೆದರೆ ಅದು ಉಂಡ ಗೊಬ್ಬರವೂ ಜತೆಗೇ ಹೊರಗೆ ಬರುತ್ತದೆ. ಸಾಹೇಬರು ಕೇಳಲಿಲ್ಲವೆಂದಲ್ಲ. ತಾವರೆ ಹಾಕಿಸಿದರು. ಎಲೆ ಹರಡಿ ನೀರು ತಿಳಿಯಾಗತೊಡಗಿತು. ಆಗ ಎಲೆ ಕತ್ತರಿಸಿಬಿಟ್ಟರು, 1633 ಕಾಣುತ್ತಿಲ್ಲವೆಂದು.

ಅವರ ಮನೆಯವರು ಈಗ ಮಾತಾಡುವುದು ಬಿಟ್ಟಿದ್ದಾರೆ. "ನಿಮ್ಮ ನೀರಾಗ ನೀವಽ ಇರ್ರಿ" ಎಂಬುದೇ ಕೊನೆಯ ನುಡಿ.

ಸಾಹೇಬರಿಗೆ ಧೈರ್ಯ ಕೊಟ್ಟದ್ದು ಪೇಪರು. ಈಚಿನ ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರೇ ಹಸಿರಾದ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಹೊಲಗಳ ಗೊಬ್ಬರ, ಊರುಗಳ ಚರಂಡಿ ನದಿಗೆ ಇಳಿದು, ನಿಂತ ನೀರಿಗೆ ಬಿಸಿಲು ಬಿದ್ದರೆ ಅಲ್ಲೂ ಇದೇ ಕಥೆ. ನಮ್ಮ ಹಿತ್ತಲಿಗೂ ಹಿನ್ನೀರಿಗೂ ವ್ಯತ್ಯಾಸ ಕೆಲವು ಸೊನ್ನೆಗಳದು. ಬೇರೆಯವರಾದರೆ ಹೆದರುತ್ತಿದ್ದರು, ಸಾಹೇಬರು ಆ ಸುದ್ದಿ ಕತ್ತರಿಸಿ ಕೊಳದ ಕಂಬಕ್ಕೆ ಅಂಟಿಸಿದ್ದಾರೆ. "ದೊಡ್ಡ ಪ್ರಾಜೆಕ್ಟಿನಾಗೂ ಹಿಂಗಽ ಐತಿ ನೋಡ್ರೀ!" ಜಲಾಶಯದ ಸಂಗ್ರಹ 133 ಟಿಎಂಸಿಯಿಂದ 105ಕ್ಕೆ ಇಳಿದದ್ದು ಹೂಳಿನಿಂದ, ತಮ್ಮ ಕೊಳದ ತಳದ ಕೆಸರಿಗೂ ಅವರು ಅದೇ ಗೌರವ ಕೊಟ್ಟು ಮುಟ್ಟಗೊಡುವುದಿಲ್ಲ.

ರಿಜಿಸ್ಟರು ಮಾತ್ರ ಒಂದು ದಿನವೂ ತಪ್ಪಿಲ್ಲ. ಒಳಹರಿವು, ಹೊರಹರಿವು, ಮಟ್ಟ ತೃಪ್ತಿಕರ. ನೀರಿನ ಬಣ್ಣಕ್ಕೆ ಅದರಲ್ಲಿ ಕಾಲಮ್ಮೇ ಇಲ್ಲ.

ಸೊಳ್ಳೆಮರಿ ತಿನ್ನಲಿ ಎಂದು ಬಿಟ್ಟ ಗಪ್ಪಿ ಮೀನು ಈಗ ಅಲ್ಲಿ ಲೆಕ್ಕಕ್ಕೆ ಸಿಗದಷ್ಟಾಗಿವೆ. ಕೇಳಿದವರಿಗೆ ಸಾಹೇಬರು ಪುಕ್ಕಟೆ ಕೊಡುತ್ತಾರೆ. ಮೈಲಾರದ ಜಾತ್ರೆಗೋ ಮಲ್ಲಿಗೆ ಕೊಳ್ಳಲೋ ಈ ಕಡೆ ಬಂದರೆ ಒಂದು ಡಬ್ಬಿ ಹಿಡಿದುಕೊಂಡು ಬನ್ನಿ, ಸಾಧ್ಯವಾದರೆ ಎರಡು ತನ್ನಿ. ಮೀನು ಕಮ್ಮಿಯಾದಷ್ಟೂ ಪಾಚಿ ಕಮ್ಮಿ. ಕಾರಣ ಮಾತ್ರ ಅವರ ಎದುರಿಗೆ ಹೇಳಬೇಡಿ. ಮಟ್ಟ ಎಷ್ಟಿದೆ ಎಂದು ಕೇಳಿ ಸಾಕು.