ಕರೆಯದೆ ಬಂದ ಕರೆ: ಒಂದು ಶಾಸ್ತ್ರೀಯ ವಿವೇಚನೆ

1. ಪೀಠಿಕೆ

ಕರೆಯದೆ ಬರುವವರನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಸರ್ವಜ್ಞನಿಗೆ ಯಾವ ಗೊಂದಲವೂ ಇರಲಿಲ್ಲ. ಆ ತ್ರಿಪದಿಯಲ್ಲಿ ಪಾದರಕ್ಷೆಯ ಪ್ರಸ್ತಾಪ ಬರುವುದರಿಂದ ಇಂಥ ಗಂಭೀರ ಪ್ರಬಂಧದಲ್ಲಿ ಅದನ್ನು ಉದ್ಧರಿಸುವುದು ಸಲ್ಲ. ಆದರೆ ಒಂದು ಮಾತು ಗಮನಿಸಬೇಕು. ಅವನ ಕಾಲದಲ್ಲಿ ಕರೆಯದೆ ಬರುವವನು ನಡೆದುಕೊಂಡು ಬರುತ್ತಿದ್ದ, ಕೈಗೆ ಸಿಗುತ್ತಿದ್ದ. ಈಗ ಮನುಷ್ಯ ಬರುವುದೇ ಇಲ್ಲ, ಬರೀ ಕರೆ ಬರುತ್ತದೆ. ಅದಕ್ಕೆ ಸರ್ವಜ್ಞ ಹೇಳಿದ ಚಿಕಿತ್ಸೆ ಮಾಡಹೋದರೆ ಒಡೆಯುವುದು ನಮ್ಮದೇ ಮೊಬೈಲಿನ ಗಾಜು.

ಈ ಅಧ್ಯಯನದ ಕ್ಷೇತ್ರ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ತ್ರಿಕೋನ. ಉಪಕರಣ, ಎರಡು ಸಿಮ್ಮಿನ ಒಂದು ಹ್ಯಾಂಡ್‌ಸೆಟ್. ಜಾನಪದ ವಿದ್ವಾಂಸರು ವಕ್ತೃಗಳನ್ನು ಹುಡುಕಿಕೊಂಡು ಹಳ್ಳಿಹಳ್ಳಿ ಅಲೆದು ಚಪ್ಪಲಿ ಸವೆಸಿದ್ದುಂಟು. ಪ್ರಸ್ತುತ ಪ್ರಬಂಧಕಾರನಿಗೆ ಆ ಕಷ್ಟ ಬರಲಿಲ್ಲ. ಕಾಡುಗೋಡಿಯ ಬಾಡಿಗೆ ಮನೆಯಲ್ಲಿ ಅವನು ಸಾರಿಗೆ ಅನ್ನ ಕಲಸಿದ ತಕ್ಷಣ ವಕ್ತೃಗಳೇ ಫೋನ್ ಮಾಡುತ್ತಿದ್ದರು.

2. ಶಬ್ದವಿಚಾರ

ಹಳಗನ್ನಡದಲ್ಲಿ ಕೂಗುವ 'ಕರೆ' ಬೇರೆ, ಹಾಲು ಹಿಂಡುವ 'ಕಱೆ' ಬೇರೆ. ಮೊದಲನೆಯದಕ್ಕೆ ಸಾಮಾನ್ಯ ರಕಾರ. ಎರಡನೆಯದಕ್ಕೆ ಶಕಟರೇಫ, ಅಂದರೆ ಬಂಡಿ ರ. ಕಲೆ, ಕಳಂಕ ಎಂಬ ಅರ್ಥದ ಮೂರನೆಯ 'ಕಱೆ'ಯೂ ಬಂಡಿಯಲ್ಲೇ ಓಡಾಡುತ್ತಿತ್ತು. ಕಾಲಕ್ರಮದಲ್ಲಿ ಬಂಡಿ ಉರುಳಿಹೋಯಿತು, ಮೂರೂ ಪದಗಳು ಒಂದೇ ರೂಪಕ್ಕೆ ಬಂದವು.

ವೈಯಾಕರಣರು ಇದನ್ನು ಸಹಜವಾದ ಧ್ವನಿವ್ಯತ್ಯಾಸ ಎನ್ನುತ್ತಾರೆ. ಗ್ರಾಹಕ ಪಂಥದವರಿಗೆ ಇದು ಭಾಷೆಯ ಮುಂಗಾಣ್ಕೆ. ಏಕೆಂದರೆ ಇಂದು ಕರೆಯುವವರು ಕರೆಯುವುದಕ್ಕೆಂದೇ ಕರೆಯುತ್ತಾರೆ. ಕರೆದಾದ ಮೇಲೆ ಖಾತೆಯಲ್ಲಿ ಉಳಿಯುವುದು ಬರೀ ಕರೆ. ಈ ವಾಕ್ಯವನ್ನು ಶಕಟರೇಫವಿಲ್ಲದೆ ಬರೆಯಬಹುದು, ಅರ್ಥ ಕೆಡುವುದಿಲ್ಲ. ಒಂದು ಅಕ್ಷರ ಸತ್ತದ್ದಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

3. ಯುಗವಿಭಾಗ

ಕನ್ನಡಿಗರ ದೂರವಾಣಿ ಚರಿತ್ರೆಯನ್ನು ವಿರಹಯುಗ, ಸಮಾಗಮಯುಗ, ಅಜೀರ್ಣಯುಗ ಎಂದು ಮೂರಾಗಿ ವಿಂಗಡಿಸಬಹುದು.

ವಿರಹಯುಗದ ರಾಜಧಾನಿ ದೂರವಾಣಿನಗರ. ವೈಟ್‌ಫೀಲ್ಡ್ ದಾರಿಯಲ್ಲಿ ಕೆ.ಆರ್.ಪುರದ ಹತ್ತಿರ, 1948ರಲ್ಲಿ ಹುಟ್ಟಿದ ಐಟಿಐ, ಎಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ದೇಶಕ್ಕೆಲ್ಲ ಬೆರಳು ಹಾಕಿ ತಿರುಗಿಸುವ ಕಪ್ಪು ಫೋನುಗಳನ್ನು ಮಾಡಿಕೊಟ್ಟಿತು. ಫೋನು ನಮ್ಮೂರಲ್ಲೇ ತಯಾರಾಗುತ್ತಿದ್ದರೂ ನಮ್ಮ ಮನೆಗೆ ಬರಲು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಪರವೂರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಬೇಕು. ಅದರಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ಜಾತಿಭೇದ. ಲೈಟ್ನಿಂಗ್ ಕಾಲಿನ ದರ ಕೇಳಿದರೆ ಸಿಡಿಲು ಎಲ್ಲಿ ಬಡಿಯಿತೆಂದು ಗೊತ್ತಾಗುತ್ತಿತ್ತು. ಫೋನ್ ಗಂಟೆ ಹೊಡೆದರೆ ಮನೆಯವರೆಲ್ಲ ಎದ್ದು ನಿಲ್ಲುತ್ತಿದ್ದರು. ಒಂದೋ ಹೆರಿಗೆ, ಇಲ್ಲವೇ ಸಾವು. ಪರ್ಸನಲ್ ಲೋನ್ ಎಂಬ ಮೂರನೆಯ ಸಾಧ್ಯತೆ ಯಾರ ಕನಸಿನಲ್ಲೂ ಇರಲಿಲ್ಲ.

ಸಮಾಗಮಯುಗವೆಂದರೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಕಾಲ. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕೋಲ್ಕತ್ತಾದಿಂದ ದೆಹಲಿಗೆ ಹೋಯಿತು. ಆ ಕಡೆ ಈ ಕಡೆ ಇದ್ದವರು ಒಬ್ಬರು ಮುಖ್ಯಮಂತ್ರಿ, ಒಬ್ಬರು ಕೇಂದ್ರ ಮಂತ್ರಿ. ಇಬ್ಬರಲ್ಲಿ ಯಾರೂ ಇನ್ನೊಬ್ಬರಿಗೆ ಕ್ರೆಡಿಟ್ ಕಾರ್ಡ್ ಬೇಕೇ ಎಂದು ಕೇಳಲಿಲ್ಲವೆಂದು ನಂಬಬಹುದು.

ಅಜೀರ್ಣಯುಗ ಯಾವ ದಿನ ಆರಂಭವಾಯಿತೆಂದು ಹೇಳುವುದು ಕಷ್ಟ. ಆದರೆ 2007ರಲ್ಲೇ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಬೇಡದ ಕರೆಗಳ ವಿರುದ್ಧ ನಿಯಮ ಮಾಡಿತೆಂದ ಮೇಲೆ, ಅಷ್ಟು ಹೊತ್ತಿಗಾಗಲೇ ಹೊಟ್ಟೆ ಉಬ್ಬರಿಸಿತ್ತು ಎಂದಾಯಿತು.

4. ಕ್ಷೇತ್ರಭೇದ

ಮಣ್ಣಿಗೆ ತಕ್ಕ ಬೆಳೆಯಿರುವಂತೆ ಏರಿಯಾಗೆ ತಕ್ಕ ಕರೆ.

ವೈಟ್‌ಫೀಲ್ಡ್‌ನಲ್ಲಿ ಬೆಳೆಯುವುದು ಜಮೀನಿನ ಕರೆ. 1882ರಲ್ಲಿ ಮೈಸೂರು ಅರಸರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಭೂಮಿ ಕೊಟ್ಟು ನೆಲೆಯೂರಿಸಿದ ಊರು ಇದು. ಅಂದು ಒಮ್ಮೆ ಭೂಮಿ ಹಂಚಿದ ನೆನಪು ಈ ಗಾಳಿಯಿಂದ ಇನ್ನೂ ಹೋಗಿಲ್ಲ. "ಸರ್, ಮೆಟ್ರೊಗೆ ಹತ್ತೇ ನಿಮಿಷ, ಪ್ರೀ ಲಾಂಚ್ ಆಫರ್." ಯಾವ ಹೊತ್ತಿನ ಹತ್ತು ನಿಮಿಷ ಎಂದು ಕೇಳಬಾರದು. ಹೋಪ್ ಫಾರ್ಮ್ ಜಂಕ್ಷನ್ನಿನಲ್ಲಿ ನಿಂತು ಕಾಲವನ್ನು ಅಳೆದವರಿಗೆ ಅದು ಸಾಪೇಕ್ಷವೆಂದು ಗೊತ್ತಿದೆ.

ಎಲೆಕ್ಟ್ರಾನಿಕ್ ಸಿಟಿಯದು ಸಾಲ ಮತ್ತು ಕೋರ್ಸಿನ ಭೂಮಿ. ಆರ್.ಕೆ. ಬಾಳಿಗರ ಕನಸಿನಂತೆ, ಅವರೇ ಮುಖ್ಯಸ್ಥರಾಗಿದ್ದ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಇದನ್ನು ಕಟ್ಟಿತು. ಇಲ್ಲಿನ ಪೀಜಿಯಲ್ಲಿರುವ ಹುಡುಗನಿಗೆ ಬೆಳಿಗ್ಗೆ ಕೆಲಸ ಕಲಿಸುವ ಕೋರ್ಸಿನ ಕರೆ, ಮಧ್ಯಾಹ್ನ ಆ ಕೋರ್ಸಿಗೆ ಸಾಲ ಕೊಡುವ ಕರೆ, ಸಂಜೆ ಕಂತು ಬಾಕಿ ಎಂಬ ಕರೆ. ಕಂತು ಬಹುಮಟ್ಟಿಗೆ ಅವನದಲ್ಲ, ಆ ನಂಬರು ಹಿಂದೆ ಯಾರದಾಗಿತ್ತೋ ಅವರದು. ಪೂರ್ವಜನ್ಮದ ಋಣ ಎಂಬುದಕ್ಕೆ ಟೆಲಿಕಾಂ ಕ್ಷೇತ್ರ ಒದಗಿಸಿರುವ ಏಕೈಕ ಪುರಾವೆ ಇದು.

ಪೀಣ್ಯದ ಸ್ಥಿತಿ ಹೆಚ್ಚು ಕರುಣಾಜನಕ. ಎರಡು ಲೇತು, ಒಂದು ಮಿಲ್ಲಿಂಗ್ ಮೆಷೀನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಪರಿಚಯದವರೊಬ್ಬರು ಇಡೀ ಸಿದ್ಧಾಂತವನ್ನು ನಾಲ್ಕು ಮಾತಿನಲ್ಲಿ ಮುಗಿಸಿದರು: "ನೋಡಿ ಸ್ವಾಮಿ, ಗೊತ್ತಿಲ್ಲದ ನಂಬರು ಅಂದ್ರೆ ನಿಮಗೆ ತಲೆನೋವು. ನಮಗೆ ಅದರಲ್ಲೇ ಹೊಸ ಆರ್ಡರು. ಎತ್ತದಿದ್ರೆ ಪಾರ್ಟಿ ಹೋಗುತ್ತೆ, ಎತ್ತಿದ್ರೆ ಟೈಮು ಹೋಗುತ್ತೆ." ಲೇತು ನಿಲ್ಲಿಸಿ, ಎಣ್ಣೆಗೈಯನ್ನು ಬನಿಯನ್ ವೇಸ್ಟಿಗೆ ಒರೆಸಿ, ಓಡಿಬಂದು ಎತ್ತಿದರೆ ಆ ಕಡೆಯಿಂದ ಬರುವ ಪ್ರಶ್ನೆ ಒಂದೇ: "ಸರ್, ಬಿಸಿನೆಸ್ ಲೋನ್ ರಿಕ್ವೈರ್‌ಮೆಂಟ್ ಇದೆಯಾ?" ಇಂಥ ನಾಲ್ಕು ಕರೆ ಬಂದ ದಿನ ಪೀಸು ಕಮ್ಮಿ ಆಗುತ್ತದೆ, ಆಗ ನಿಜವಾಗಿಯೂ ಲೋನ್ ಬೇಕಾಗುತ್ತದೆ. ಕರೆಯೇ ಕಾರಣ, ಕರೆಯೇ ಕಾರ್ಯ.

5. ಪ್ರಮಾಣವಿಚಾರ

ಬಂದ ಕರೆ ಎಂಥದೆಂದು ಎತ್ತುವ ಮೊದಲೇ ತಿಳಿಯುವುದು ಹೇಗೆ? ನ್ಯಾಯದರ್ಶನದ ನಾಲ್ಕು ಪ್ರಮಾಣಗಳನ್ನೂ ಪ್ರಬಂಧಕಾರ ಪ್ರಯೋಗಿಸಿ ನೋಡಿದ್ದಾನೆ.

ಪ್ರತ್ಯಕ್ಷ: ನಂಬರನ್ನು ಕಣ್ಣಾರೆ ನೋಡುವುದು. ನಿಯಮದಂತೆ ಮಾರುಕಟ್ಟೆ ಕರೆಗಳಿಗೆ 140, ಸೇವೆ ಮತ್ತು ವಹಿವಾಟಿನ ಕರೆಗಳಿಗೆ 1600 ಎಂದು ಬೇರೆ ಬೇರೆ ಸರಣಿಗಳಿವೆ. ಆದರೆ ಬೇಟೆಗೆ ಹೊರಟವರು ಕೊರಳಿಗೆ ಗಂಟೆ ಕಟ್ಟಿಕೊಳ್ಳುವುದು ವಾಡಿಕೆಯಲ್ಲ. ಬಹಳ ಮಂದಿ ನಮ್ಮ ನಿಮ್ಮಂಥ ಹತ್ತಂಕಿಯ ನಂಬರಿನಿಂದಲೇ ಬರುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ಸಂದರ್ಭಕ್ಕೇ ಹುಟ್ಟಿದ್ದಿರಬೇಕು.

ಅನುಮಾನ: ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುವಂತೆ, ಹಲೋ ಎಂದ ಮೇಲೆ ಎರಡು ಸೆಕೆಂಡು ಮೌನವಿದ್ದರೆ ಅಲ್ಲಿ ಸಾಲವಿದೆಯೆಂದು ಊಹಿಸಬೇಕು. ಇದಕ್ಕೆ ಭೌತಿಕ ಕಾರಣವೂ ಉಂಟು. ಡಯಲರ್ ಎಂಬ ತಂತ್ರಾಂಶ ಒಟ್ಟಿಗೇ ಹಲವು ನಂಬರು ಒತ್ತಿ, ಯಾರು ಹಲೋ ಎನ್ನುತ್ತಾರೋ ಅವರನ್ನು ಬಿಡುವಾಗಿರುವ ಒಬ್ಬ ಉದ್ಯೋಗಿಗೆ ಜೋಡಿಸುತ್ತದೆ. ಆ ಮೌನ ಜೋಡಣೆಯ ಮೌನ. ಅಂಥ ತಂತ್ರಾಂಶಕ್ಕೆ ಕೋಡ್ ಬರೆಯುವವರು ಬೆಂಗಳೂರಿನಲ್ಲೂ ಇದ್ದಾರೆ. ಊಟದ ಹೊತ್ತಿಗೆ ಅವರೂ ಹಲೋ ಎಂದು ಎರಡು ಸೆಕೆಂಡು ಕಾಯುತ್ತಾರೆ.

ಉಪಮಾನ: ಹಸುವಿನಂತಿರುವುದು ಗವಯ, ಆದರೆ ಹಸುವಲ್ಲ. ಹಾಗೆಯೇ ಬ್ಯಾಂಕಿನವರಂತೆ ಮಾತಾಡಿ ಒಟಿಪಿ ಕೇಳುವವನು ಬ್ಯಾಂಕಿನವನಲ್ಲ. ಈ ಗವಯ ಹಾಯ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡತಕ್ಕದ್ದು. ಈ ಪ್ರಬಂಧದಲ್ಲಿ ತಮಾಷೆಗೆ ಹೇಳದ ವಾಕ್ಯ ಇದೊಂದೇ.

ಶಬ್ದ: ಎಂದರೆ ಆಪ್ತವಾಕ್ಯ. "ಸರ್, ಇದು ಪ್ರಮೋಷನಲ್ ಕಾಲ್ ಅಲ್ಲ." ಶಬ್ದಪ್ರಮಾಣಕ್ಕೆ ಇದಕ್ಕಿಂತ ದೊಡ್ಡ ಪೆಟ್ಟನ್ನು ಚಾರ್ವಾಕರೂ ಕೊಟ್ಟಿರಲಾರರು.

6. ಶಾಂತಿವಿಧಿ

ಅನಿಷ್ಟ ಪರಿಹಾರಕ್ಕೆ 1909 ಎಂಬ ಸಂಖ್ಯೆಯನ್ನು ಜಪಿಸಬೇಕು. ಟ್ರಾಯ್‌ನ 2018ರ ನಿಯಮಾವಳಿ ಉಪದ್ರವಗಳನ್ನು ಎಂಟು ದಿಕ್ಕುಗಳಾಗಿ ವಿಂಗಡಿಸಿದೆ: ಹಣಕಾಸು, ನಿವೇಶನ, ಶಿಕ್ಷಣ, ಆರೋಗ್ಯ, ಗೃಹಬಳಕೆ ವಸ್ತು ಮತ್ತು ವಾಹನ, ಸಂಪರ್ಕ ಮತ್ತು ಮನರಂಜನೆ, ಪ್ರವಾಸ, ಆಹಾರ. ಅಷ್ಟದಿಕ್ಪಾಲಕರಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಆಯ್ದುಕೊಳ್ಳಬಹುದು. ರಾಹುಕಾಲ, ಗುಳಿಕಕಾಲಗಳಂತೆ ಯಾವ ವಾರ, ಯಾವ ಹೊತ್ತು ವರ್ಜ್ಯ ಎಂದೂ ಗೊತ್ತುಮಾಡಬಹುದು. ಇದರ ಬೆನ್ನಿಗೆ ಬ್ಲಾಕ್‌ಚೈನ್ ಸರಪಣಿಯನ್ನೂ ಕಟ್ಟಿದ್ದಾರೆ. ಪ್ರಬಂಧಕಾರ ಎಂಟೂ ದಿಕ್ಕುಗಳನ್ನು ಬಂಧಿಸಿದ. ಕರೆಗಳು ಮೇಲಿನಿಂದಲೂ ಕೆಳಗಿನಿಂದಲೂ ಬರತೊಡಗಿದವು.

2025ರ ತಿದ್ದುಪಡಿ ಉದಾರವಾಗಿದೆ. ದೂರು ಕೊಡಲು ಮೂರು ದಿನವಿದ್ದದ್ದು ಏಳು ದಿನವಾಯಿತು. ಕಂಪನಿ ಕ್ರಮ ಕೈಗೊಳ್ಳಲು ಮೂವತ್ತು ದಿನವಿದ್ದದ್ದು ಐದಕ್ಕಿಳಿಯಿತು. ಸಂದೇಶ ಕಳಿಸುವವರ ಹೆಸರಿನ ಕೊನೆಗೆ ಪಿ, ಎಸ್, ಟಿ, ಜಿ ಎಂಬ ಪ್ರತ್ಯಯಗಳೂ ಬಂದವು. ಪಿ ಎಂದರೆ ಪ್ರಚಾರ, ಎಸ್ ಸೇವೆ, ಟಿ ವಹಿವಾಟು, ಜಿ ಸರ್ಕಾರ. ಏಳು ವಿಭಕ್ತಿಯನ್ನೇ ನೆಟ್ಟಗೆ ಕಲಿಯದೆ ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡವರು ಇಳಿವಯಸ್ಸಿನಲ್ಲಿ ಇನ್ನೂ ನಾಲ್ಕು ಕಲಿಯಬೇಕಾಗಿದೆ.

7. ಪ್ರಯೋಗ

ಸಿದ್ಧಾಂತವೊಂದೇ ಸಾಲದೆಂದು ವಿಲೋಮ ಪ್ರಯೋಗವೊಂದನ್ನೂ ನಡೆಸಲಾಯಿತು. ಅವರು ನಮ್ಮನ್ನು ಹುಡುಕುವುದು ಬಿಟ್ಟು ನಾವು ಅವರನ್ನು ಹುಡುಕಿದರೆ ಏನಾಗುತ್ತದೆ? ಇದಕ್ಕೆ ತಕ್ಕಂತೆ ಪ್ರಬಂಧಕಾರನ ಮನೆಯ ಇಂಟರ್ನೆಟ್ಟು ಒಂದು ಸೋಮವಾರ ತಾನಾಗಿಯೇ ನಿಂತುಹೋಯಿತು. ಕಂಪನಿಯ ಹೆಸರು ಇಲ್ಲಿ ಅಪ್ರಸ್ತುತ. ಹೇಳಿದರೆ ಅವರು ಫೋನ್ ಮಾಡಿಯಾರು.

ಕಸ್ಟಮರ್ ಕೇರಿನ ರಚನೆಯನ್ನು ಕೆಲವರು ಚಕ್ರವ್ಯೂಹಕ್ಕೆ ಹೋಲಿಸುತ್ತಾರೆ. ಅದು ಸರಿಯಲ್ಲ. ಅಭಿಮನ್ಯುವಿಗೆ ಒಳಗೆ ಹೋಗುವುದಾದರೂ ಗೊತ್ತಿತ್ತು. ಇದು ಚೌಕಾಬಾರ. ಇಂಗ್ಲಿಷಿಗೆ ಒಂದು, ಹಿಂದಿಗೆ ಎರಡು ದಾಟಿ, ತಾಳ್ಮೆಯಿದ್ದವರಿಗೆ ಕೊನೆಯಲ್ಲೊಂದು ಕನ್ನಡದ ಮನೆ. ಅದನ್ನು ಒತ್ತಿದರೆ ಮುದ್ರಿತ ದನಿಯ ಹೆಣ್ಣುಮಗಳು ಮಾಸ್ತಿಯವರ ಮನೆಯಂಗಳದಿಂದ ಎದ್ದುಬಂದಂಥ ಕನ್ನಡದಲ್ಲಿ ಸ್ವಾಗತಿಸುತ್ತಾಳೆ. ಕಾಯಿ ಒಂದೊಂದೇ ಮನೆ ನಡೆದು ಹಣ್ಣಾಗುವ ಹೊತ್ತಿಗೆ ಸಜೀವ ಮನುಷ್ಯ ಸಿಗುತ್ತಾನೆ. "ಸರ್, ಹಿಂದಿ ಯಾ ಇಂಗ್ಲಿಷ್?" ಅಲ್ಲಿಗೆ ಕಾಯಿ ಕಡಿಸಿಕೊಂಡು ಮತ್ತೆ ಮೊದಲ ಮನೆ.

ಆರು ದಿನ ಆಟ ನಡೆಯಿತು. ಪ್ರತಿ ಸಲವೂ ದೂರು "ಪರಿಹಾರವಾಗಿದೆ" ಎಂದು ಸಂದೇಶ ಬಂತು, ಪರಿಹಾರ ಬರಲಿಲ್ಲ. ಮನೆ ಸಿಗಲಿಲ್ಲವೆಂದು ಮೆಕ್ಯಾನಿಕ್ ವಾಪಸ್ ಹೋದನಂತೆ. ಏಳನೆಯ ದಿನ ಅದೇ ಕಂಪನಿಯಿಂದ ಕರೆ: "ಸರ್, ನಿಮ್ಮ ಮನೆ ಇರೋ ಕ್ರಾಸಿಗೇ ನಮ್ಮ ಹೈಸ್ಪೀಡ್ ಫೈಬರ್ ಬಂದಿದೆ. ಕನೆಕ್ಷನ್ ಹಾಕಿಸ್ಕೊಳ್ತೀರಾ?"

ಇದರಿಂದ ಈ ಪ್ರಬಂಧದ ಮುಖ್ಯ ಸೂತ್ರ ಸಿದ್ಧಿಸುತ್ತದೆ: ಮಾರುವಾಗ ನಮ್ಮ ಕ್ರಾಸು ಗೊತ್ತು, ಸರಿಮಾಡುವಾಗ ನಮ್ಮ ಊರೇ ಗೊತ್ತಿಲ್ಲ.

8. ಉಪಸಂಹಾರ: ವೀರಗಲ್ಲು

ಕೊನೆಯ ವಕ್ತೃ ಒಬ್ಬ ಹುಡುಗಿ. ಮಾತಿನಲ್ಲಿ ದಾವಣಗೆರೆ ಕಡೆಯ ಖಾರವಿತ್ತು. ಲೋನ್ ಬೇಡವೆಂದು ಹೇಳಿ, ಸಂಶೋಧಕನ ಕುತೂಹಲದಿಂದ ಕೇಳಿದೆ: "ನನ್ನ ನಂಬರು ನಿಮಗೆ ಯಾರು ಕೊಟ್ರಮ್ಮ?"

"ನಿಮ್ಮ ನಂಬರ್ ನಾನು ಒತ್ತಿದ್ದಲ್ರೀ ಸರ. ಸಿಸ್ಟಮ್ಮೇ ಒತ್ತುತ್ತೆ. ನೀವು ಹಲೋ ಅಂದ್ಮೇಲೆ ನಂಗೆ ಕೊಡ್ತೈತಿ."

"ನಿಮಗೂ ಇಂಥ ಫೋನು ಬರುತ್ತಾ?"

"ಬರ್ತಾವ್ರೀ. ಡಬ್ಬಿ ಬಿಚ್ಚೋ ಹೊತ್ತಿಗೇ ಬರ್ತಾವ." ನಕ್ಕಳು. "ಬೇಡ ಅಂತ ಬರ್ಕೊಳ್ಲಾ ಸರ?"

ಬರೆದುಕೊಂಡಳು. ಮರುದಿನ ಸಿಸ್ಟಮ್ಮು ಇನ್ನೊಬ್ಬಳ ಕೈಗೆ ನನ್ನನ್ನು ಕೊಟ್ಟಿತು.

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವಾಗ ಬಲಕ್ಕೆ ತಿರುಗಿದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ, ಸುಮಾರು 890ರದೆಂದು ಹೇಳುವ ಶಾಸನವೊಂದು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಊರಿನ ಹೆಸರು ಅಷ್ಟು ಹಿಂದೆ ಕಲ್ಲಿಗೆ ಬಿದ್ದದ್ದು ಒಂದು ಜಗಳದ ದೆಸೆಯಿಂದ. ಸತ್ತವನು ನಾಗತ್ತರನೆಂಬ ಒಡೆಯನ ಮನೆಯವನು. ಜಗಳ ಒಡೆಯರದು, ಹೆಣ ಮನೆಯಾಳಿನದು.

ಆದ್ದರಿಂದ ಈ ಬೆಂಗಳೂರಿನ ಕಾಳಗಕ್ಕೂ ಒಂದು ವೀರಗಲ್ಲು ನೆಡಬೇಕೆಂದು ಪ್ರಬಂಧಕಾರ ಶಿಫಾರಸು ಮಾಡುತ್ತಾನೆ. ವಾಡಿಕೆಯಂತೆ ಮೂರು ಹಂತ. ಮೇಲಿನದರಲ್ಲಿ ವೀರನು ಕಸ್ಟಮರ್ ಕೇರಿನ ನಿತ್ಯಸನ್ನಿಧಿಯಲ್ಲಿ ಕುಳಿತಿರಬೇಕು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಮುದ್ರಿತ ಸಂಗೀತದೊಡನೆ ಸೀನಿಯರ್ ಎಕ್ಸಿಕ್ಯುಟಿವ್ ಕಡೆಗೆ ಒಯ್ಯುತ್ತಿರಬೇಕು. ಕೆಳಗೆ ಕಾಳಗ: ಒಂದು ಕಡೆ ಎಣ್ಣೆಗೈಯಲ್ಲಿ ಮೊಬೈಲ್ ಹಿಡಿದ ಪೀಣ್ಯದ ಯಜಮಾನ, ಎದುರಿಗೆ ಹೆಡ್‌ಫೋನ್ ಹಾಕಿದ ಹುಡುಗಿ. ಇಬ್ಬರ ನಡುವೆ ಬಿಚ್ಚಿದ, ಇನ್ನೂ ಉಣ್ಣದ ಎರಡು ಊಟದ ಡಬ್ಬಿ. ಒಡೆಯರನ್ನು ಕೆತ್ತುವ ಅಗತ್ಯವಿಲ್ಲ, ಅವರು ಯಾವ ನಂಬರಿಗೂ ಸಿಗುವವರಲ್ಲ.

ಮಾಲೂರಿನ ಹತ್ತಿರ ಶಿವಾರಪಟ್ಟಣದಲ್ಲಿ ಒಳ್ಳೆಯ ಶಿಲ್ಪಿಗಳಿದ್ದಾರೆ. ಕಲ್ಲಿನ ದರ ವಿಚಾರಿಸೋಣವೆಂದು ಅವರಲ್ಲೊಬ್ಬರ ನಂಬರು ಹುಡುಕಿ ಮೂರು ಸಲ ಫೋನ್ ಮಾಡಿದೆ.

ಗೊತ್ತಿಲ್ಲದ ನಂಬರೆಂದು ಅವರು ಎತ್ತಲಿಲ್ಲ.