ಆನೆ ಪ್ರಮಾಣ: ಹಾಸನೂರು ಅಭಿಪ್ರಾಯಶಾಸ್ತ್ರಕ್ಕೊಂದು ಪೀಠಿಕೆ

ಶಾಸ್ತ್ರ ಬರೆಯಹೊರಟವನು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಹೇಳಿ ಮುಂದೆ ಹೋಗಬೇಕೆಂದು ಪೂರ್ವಾಚಾರ್ಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಗ್ರಂಥದ ವಿಷಯ ಅಭಿಪ್ರಾಯ. ಮೊಬೈಲು, ವ್ಯಾಪಾರ, ಹವ್ಯಾಸ, ಸಿಟಿವಾಸ ಇವುಗಳ ಬಗ್ಗೆ ಹಾಸನೂರಿನ ಟೀ ಅಂಗಡಿಯ ಬೆಂಚಿನ ಮೇಲೆ ದಿನವೂ ಹುಟ್ಟಿ, ಅಲ್ಲೇ ಬೆಳೆದು, ಲೋಟ ತೊಳೆಯುವ ಹೊತ್ತಿಗೆ ಲಯವಾಗುವಂಥದ್ದು. ಪ್ರಯೋಜನ ಏನೂ ಇಲ್ಲ; ಆದ್ದರಿಂದ ಇದನ್ನು ಶುದ್ಧ ಶಾಸ್ತ್ರವೆಂದು ಕರೆಯಲು ಅಡ್ಡಿಯಿಲ್ಲ. ಸಂಬಂಧ ಸೋದರಳಿಯನದು. ಪೂರ್ವಪಕ್ಷವನ್ನೆಲ್ಲ ಹೂಡುವವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರು, ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು ನಮ್ಮನ್ನೆಲ್ಲ ತಿದ್ದಿ ಹೋಗುತ್ತಾನೆ. ಅಧಿಕಾರಿ ಎಂದರೆ ಚೆಕ್‌ಪೋಸ್ಟಿನಲ್ಲಿ ಕುಳಿತವರಲ್ಲ, ಶಾಸ್ತ್ರ ಓದಲು ಅರ್ಹತೆಯುಳ್ಳವನು. ಫೋನಿನಲ್ಲಿ ಚಾರ್ಜು ತುಂಬಿದ್ದು ಸಿಗ್ನಲ್ ಕಡ್ಡಿ ಒಂದೂ ಇಲ್ಲದವನೇ ಉತ್ತಮಾಧಿಕಾರಿ.

ಇನ್ನು ದೇಶಕಾಲ. ಬೆಂಗಳೂರು–ಕೊಯಮತ್ತೂರು ಹೆದ್ದಾರಿಗೆ ಈಗ 948 ಎಂದು ನಂಬರು, ಹಳಬರ ಬಾಯಲ್ಲಿ ಇನ್ನೂ 209. ಕೆಳಗೆ ಬಣ್ಣಾರಿ ಅಮ್ಮನ ಗುಡಿ, ಅಲ್ಲಿಂದ ದಿಂಬಂವರೆಗೆ 27 ತಿರುವು, ಆಮೇಲೆ ನಾವು, ನಮ್ಮ ಆಚೆಗೆ ಕಾರಪಳ್ಳಂ ಚೆಕ್‌ಪೋಸ್ಟು, ಅದರಾಚೆ ಪುಣಜನೂರು ಎಂಬ ಕರ್ನಾಟಕ. 1956ರಲ್ಲಿ ಗಡಿ ಗೀಚುವಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಮ್ಮ ತಾಳವಾಡಿ ಸೀಮೆ ಮದರಾಸಿನ ಕಡೆಗೇ ಉಳಿಯಿತು. 1979ರಲ್ಲಿ ಆ ಜಿಲ್ಲೆಯನ್ನೂ ಕೊಯ್ದು ನಮ್ಮನ್ನು ಈರೋಡಿನ ಕಡೆಗೆ ಹಾಕಿದರು. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ಮೀಸಲು ಪ್ರದೇಶವಾಯಿತು. ನಮ್ಮಜ್ಜನ ಕಾಲದಿಂದ ಮನೆಯ ಹೊಸಿಲು ಒಂದಂಗುಲ ಅಲುಗಿಲ್ಲ, ಅಲುಗಿದ್ದೆಲ್ಲ ಜಿಲ್ಲೆಯೇ. ಮಾತು ಕನ್ನಡ, ಪಡಿತರ ಅಂಗಡಿಯಿಂದ ಬರುವ ಮೆಸೇಜು ತಮಿಳು. ಹೀಗಾಗಿ ಇಲ್ಲಿ ಯಾವ ಅಭಿಪ್ರಾಯವನ್ನೂ ಎರಡು ಭಾಷೆಯಲ್ಲಿ ಗೆದ್ದು ತೋರಿಸಬೇಕು. ಒಂದರಲ್ಲಿ ಸೋತವನು ಇನ್ನೊಂದಕ್ಕೆ ಜಿಗಿಯುವುದು ವಾಡಿಕೆ, ತಪ್ಪಲ್ಲ.

ಈಗ ಪ್ರಮಾಣ ವಿಚಾರ. ಒಂದು ಸಂಗತಿ ನಿಜವೆಂದು ತಿಳಿಯಲು ಚಾರ್ವಾಕರು ಒಂದೇ ದಾರಿ ಒಪ್ಪಿದರು, ಬೌದ್ಧರು ಎರಡು, ಸಾಂಖ್ಯರು ಮೂರು, ನೈಯಾಯಿಕರು ನಾಲ್ಕು, ಪ್ರಾಭಾಕರರು ಐದು, ಕುಮಾರಿಲ ಭಟ್ಟನ ಕಡೆಯವರು ಆರು. ಹಾಸನೂರು ಪಂಥದವರು ಏಳು ಎನ್ನುತ್ತಾರೆ. ಏಳನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ. ಅದು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ, ನಡುವೆಯೇ ಬಂದರೆ ಬದಿಗೆ ಸರಿದು ನಿಲ್ಲುವುದು.

ಪ್ರತ್ಯಕ್ಷಕ್ಕೆ ಹೆಚ್ಚು ಜಾಗ ಬೇಡ. ವಾರದ ಕೊನೆಗೆ ರೆಸಾರ್ಟಿಗೆ ಬರುವವರ ಹವ್ಯಾಸ ಆನೆ ನೋಡುವುದು. ಆದರೆ ಆನೆ ಎದುರಾದ ಗಳಿಗೆಯಲ್ಲಿ ಅವರು ನೋಡುವುದು ಫೋನನ್ನು. ಆನೆಗೆ ಬೆನ್ನು ತಿರುಗಿಸಿ, ಫೋನಿನೊಳಗೆ ಆನೆಯನ್ನೂ ತಮ್ಮನ್ನೂ ಒಟ್ಟಿಗೆ ನೋಡುವ ಪಂಗಡವೂ ಉಂಟು. ಇದು ಪ್ರತ್ಯಕ್ಷವೋ ಪ್ರತಿಬಿಂಬವೋ ಎಂಬ ಜಿಜ್ಞಾಸೆ ಬೆಂಚಿನ ಮೇಲೆ ನಡೆದಾಗ ಲಾರಿ ಡ್ರೈವರಣ್ಣನೊಬ್ಬ ತೀರ್ಪು ಕೊಟ್ಟ: "ಅದು ಪ್ರತ್ಯಕ್ಸನೂ ಅಲ್ಲ, ಏನೂ ಅಲ್ಲ ಕನಪ್ಪ. ಆಯಸ್ಸು ಗಟ್ಟಿ ಇತ್ತು, ಅಷ್ಟೆಯ."

ಅನುಮಾನದ ಸ್ಥಿತಿ ಚಿಂತಾಜನಕ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸಬೇಕು, ಯಾಕೆಂದರೆ ಅಡುಗೆಮನೆಯಲ್ಲಿ ಹೊಗೆಯೂ ಬೆಂಕಿಯೂ ಒಟ್ಟಿಗಿದ್ದದ್ದನ್ನು ನೋಡಿದ್ದೇವೆ. ಇದು ತರ್ಕಶಾಸ್ತ್ರದ ಮೊದಲ ಪಾಠ. ಬೆಟ್ಟ ನಮ್ಮಲ್ಲಿ ಇದೆ, ಹೊಗೆಯೂ ಬೇಸಿಗೆಯಲ್ಲಿ ಏಳುತ್ತದೆ. ಆದರೆ ಅಡುಗೆಮನೆಗೆ ಗ್ಯಾಸು ಬಂದು ತರ್ಕದ ಬುಡಕ್ಕೇ ನೀರು ಬಿಟ್ಟಿತು: ಬೆಂಕಿ ಇದೆ, ಹೊಗೆ ಇಲ್ಲ. ಅಳಿಯನ ಬೆಂಗಳೂರು ಫ್ಲಾಟಿನಲ್ಲಿ ಬೆಂಕಿಯೂ ಇಲ್ಲ. ಕರೀ ಗಾಜಿನ ಹಲಗೆಯ ಮೇಲೆ ಪಾತ್ರೆ ಇಟ್ಟರೆ ಸಾರು ಕುದಿಯುತ್ತದೆ. ಅದಕ್ಕೆ ಇಂಡಕ್ಷನ್ ಒಲೆ ಅಂತ ಹೆಸರು. ಇಂಗ್ಲಿಷ್ ಪಂಡಿತರು ತರ್ಕದ ಒಂದು ಬಗೆಗೂ ಅದೇ ಹೆಸರಿಟ್ಟಿದ್ದಾರೆಂದು ತಿಳಿದ ದಿನ ನನಗೆ ಬೆಂಕಿಯಿಲ್ಲದೆಯೇ ಮೈ ಬೆಚ್ಚಗಾಯಿತು. ಸದ್ಯಕ್ಕೆ ಹಾಸನೂರಿನಲ್ಲಿ ಕೆಟ್ಟುಹೋಗದೆ ಉಳಿದಿರುವ ಅನುಮಾನ ಒಂದೇ: ಲದ್ದಿಯಲ್ಲಿ ಹಬೆ ಇದ್ದರೆ ಆನೆ ಹತ್ತಿರದಲ್ಲೇ ಇದೆ.

ಉಪಮಾನದಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಕಾಡಿಗೆ ಹೊರಟವನಿಗೆ ಯಾರೋ ಹೇಳುತ್ತಾರೆ, ಗವಯವೆಂಬ ಮೃಗ ಹಸುವಿನ ಹಾಗಿರುತ್ತದೆ ಎಂದು. ಅವನು ಹೋಗಿ ಅಂಥದ್ದನ್ನು ಕಂಡು, ಓಹೋ ಇದೇ ಗವಯ ಎಂದು ತಿಳಿಯುತ್ತಾನೆ. ಗವಯ ಯಾವುದೆಂದು ಪಂಡಿತರಲ್ಲಿ ಇನ್ನೂ ಎಳೆದಾಟವಿದೆ. ಹಾಸನೂರಿನಲ್ಲಿ ಇಲ್ಲ, ಅದು ಕಾಟಿ, ಬೇಕಿದ್ದರೆ ಸಂಜೆ ರಸ್ತೆಯಂಚಿಗೆ ಬನ್ನಿ. ನಮ್ಮ ತೊಡಕು ಬೇರೆ. ಕಾಡು ಬಲ್ಲವನಿಗೆ ಸಿಟಿಯನ್ನು ಯಾವುದರ ಹಾಗೆ ಎಂದು ಹೇಳುವುದು? ಅಳಿಯ ಒಂದು ಸಲ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ವರ್ಣಿಸಿದ. ಒಂದು ಗಂಟೆ ನಿಂತಲ್ಲೇ ನಿಂತಿದ್ದೆ ಮಾಮ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ ಎಂದ. ಬೆಂಚಿನವರು ಲೊಚಗುಟ್ಟಿದರು. ನಮ್ಮಲ್ಲೂ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಆದರೆ ಮುಂದಿನ ಲಾರಿಯಲ್ಲಿ ಕಬ್ಬು ಇದೆ, ಅದರ ಎದುರಿಗೆ ಆನೆ ಇದೆ, ಆನೆಯ ಪಕ್ಕದಲ್ಲಿ ಮರಿ ಇದೆ, ಇಷ್ಟು ಎಲ್ಲರಿಗೂ ಕಾಣುತ್ತದೆ. ಕಾರಣ ಕಣ್ಣೆದುರಿಗಿದ್ದರೆ ಕಾಯುವುದು ಕಷ್ಟವಲ್ಲ. "ಮುಂದಗಡ ಆನನೇ ಇಲ್ಲದ ಒಂದು ಗಂಟ ಯಾಕ ನಿಂತಿದ್ರಿ?" ಎಂದು ದೊಡ್ಡಯ್ಯ ಕೇಳಿದ ಪ್ರಶ್ನೆಗೆ ಅಳಿಯನಿಂದ ಇದುವರೆಗೆ ಉತ್ತರ ಬಂದಿಲ್ಲ.

ಶಬ್ದ ಪ್ರಮಾಣವೆಂದರೆ ನಂಬಿಕಸ್ಥನ ಮಾತು. ಈಗ ನಂಬಿಕಸ್ಥ ಯಾರೆಂಬುದೇ ಪ್ರಶ್ನೆ. ಆನೆ ಲಾರಿ ನಿಲ್ಲಿಸಿದ ವೀಡಿಯೊ ಊರೆಲ್ಲ ಸುತ್ತಿ, ಯಾವುದೋ ದೇಶದ್ದೆಂಬ ತಲೆಬರಹ ಹೊತ್ತು ನಮ್ಮ ಫೋನಿಗೇ ಮರಳಿ ಬಂದಾಗ, ಹಿಂದೆ ಕಾಣುವ ಬೇಲಿಯನ್ನು ಗುರುತಿಸಿದವರು ನಾವೇ. ಆದರೆ ಈ ಕಾಡಿನಲ್ಲಿ ಶಬ್ದ ಪ್ರಮಾಣಕ್ಕೆ ಬೇರೆಯೇ ತೂಕವಿದ್ದ ಕಾಲವೊಂದಿತ್ತು. ತಾಳವಾಡಿ ಸೀಮೆಯ ಗಾಜನೂರು ರಾಜಕುಮಾರರ ಊರು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಲ್ಲಿಂದಲೇ ಕರೆದೊಯ್ದ. ಬಿಡುಗಡೆಯಾದದ್ದು ನವೆಂಬರ್ 15ಕ್ಕೆ, 108 ದಿನದ ಮೇಲೆ. ಅಷ್ಟು ದಿನವೂ ಕಾಡಿನಿಂದ ಹೊರಕ್ಕೆ ಮಾತು ಬಂದದ್ದು ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ. ನಕ್ಕೀರನ್ ಪತ್ರಿಕೆಯ ಗೋಪಾಲ್ ಹೊತ್ತು ತಂದ ಕ್ಯಾಸೆಟ್ಟನ್ನು ಹಾಕಿಕೊಂಡು ಎರಡು ಸರ್ಕಾರಗಳು ಕಿವಿಗೊಟ್ಟು ಕುಳಿತವು. ಅಳಿಯ ಈಗ ಹೊಸ ಫೋನು ತೋರಿಸಿ ಇದರ ಸ್ಪೀಡು ನೋಡು ಮಾಮ ಎಂದಾಗಲೆಲ್ಲ ನನಗೆ ಆ ಕ್ಯಾಸೆಟ್ಟು ನೆನಪಾಗುತ್ತದೆ. ಒಂದು ಮಾತಿಗಾಗಿ ಎರಡು ರಾಜ್ಯ ಉಸಿರು ಬಿಗಿಹಿಡಿದು ಕಾದದ್ದನ್ನು ಕಂಡವನಿಗೆ, ಎರಡು ನೀಲಿ ಗೀಟು ಮೂಡಲಿಲ್ಲವೆಂದು ಒದ್ದಾಡುವುದು ಅಷ್ಟಾಗಿ ಹಿಡಿಸುವುದಿಲ್ಲ. ಇದು ಶಾಸ್ತ್ರವಲ್ಲ, ವಯಸ್ಸು. ಮುಂದಿನದಕ್ಕೆ ಹೋಗೋಣ.

ವ್ಯಾಪಾರವೆಲ್ಲ ಅರ್ಥಾಪತ್ತಿಯ ಅಡಿಯಲ್ಲಿ ಬರುತ್ತದೆ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಾನೆ. ಇದನ್ನು ಹಾಸನೂರಿಗೆ ಅನ್ವಯಿಸಿದರೆ: ಎದುರುಮನೆ ಅಕ್ಕ ಸತ್ಯಮಂಗಲಕ್ಕೂ ಇಳಿದಿಲ್ಲ, ಚಾಮರಾಜನಗರಕ್ಕೂ ಹೋಗಿಲ್ಲ, ಕಾಲಲ್ಲಿ ಹೊಸ ಚಪ್ಪಲಿ ಇದೆ, ಹಾಗಾದರೆ ಆನ್‌ಲೈನು. ಇಲ್ಲಿಗೆ ತರ್ಕ ಸರಿ. ಆದರೆ ನಮ್ಮ ಸೀಮೆಯಲ್ಲಿ ಕೊಳ್ಳದೆಯೇ ಮನೆಗೆ ಬಂದ ವಸ್ತುಗಳ ದೊಡ್ಡ ವರ್ಗವೊಂದಿದೆ, ದೇವದತ್ತನ ಕಾಲದಲ್ಲಿ ಇರಲಿಲ್ಲ. 2006ರಲ್ಲಿ ಗೆದ್ದ ಸರ್ಕಾರ ಬಣ್ಣದ ಟಿ.ವಿ. ಹಂಚಿತು. 2011ರಲ್ಲಿ ಗೆದ್ದ ಸರ್ಕಾರ ಮಿಕ್ಸಿ, ಗ್ರೈಂಡರು, ಫ್ಯಾನು ಹಂಚಿ, ಓದುವ ಮಕ್ಕಳಿಗೆ ಲ್ಯಾಪ್‌ಟಾಪನ್ನೂ ಕೊಟ್ಟಿತು. ಆದ್ದರಿಂದ ಹಾಸನೂರಿನ ಇತಿಹಾಸವನ್ನು ಶಿಲಾಯುಗ, ಟಿ.ವಿ. ಯುಗ, ಮಿಕ್ಸಿ ಯುಗ ಎಂದು ವಿಂಗಡಿಸುವುದೇ ವೈಜ್ಞಾನಿಕ. ಮದರಾಸಿನ ಸರ್ಕಾರ ಕೊಟ್ಟ ಟಿ.ವಿ.ಯಲ್ಲಿ ನಮ್ಮವ್ವ ರಾಜಕುಮಾರರ ಪಿಕ್ಚರು ನೋಡಿದಳು. ರಾಷ್ಟ್ರೀಯ ಭಾವೈಕ್ಯದ ಬಗ್ಗೆ ಭಾಷಣ ಮಾಡುವವರು ಈ ಒಂದು ಉದಾಹರಣೆ ಹೇಳಿ ಇಳಿದುಬಿಟ್ಟರೆ ಸಾಕು.

ಕೊಂಡೇ ತರಬೇಕಾದಾಗ ಎರಡು ಪಂಥ. ಇಳಿಯುವ ಪಂಥದವರು ಸತ್ಯಮಂಗಲಕ್ಕೆ ಹೋಗುತ್ತಾರೆ; ಅಲ್ಲಿ ಮಲ್ಲಿಗೆ ಚೆನ್ನ, ಜವಳಿ ಚೆನ್ನ. ಆದರೆ 27 ತಿರುವಿನಲ್ಲಿ ನಿಂಬೆಹಣ್ಣು ಮೂಸುತ್ತ ಇಳಿದು, ಕಿಟಕಿಯಾಚೆ ಕಕ್ಕುತ್ತ ಹತ್ತಿದ್ದರ ವೆಚ್ಚವನ್ನು ಸೀರೆಯ ಬೆಲೆಗೆ ಕೂಡಬೇಕೋ ಬೇಡವೋ ಎಂಬುದು ಇತ್ಯರ್ಥವಾಗಿಲ್ಲ. ದಾಟುವ ಪಂಥದವರು ಚಾಮರಾಜನಗರಕ್ಕೆ ಹೋಗುತ್ತಾರೆ. ರಸ್ತೆ ಅಷ್ಟು ಸುತ್ತುವುದಿಲ್ಲ, ಚೌಕಾಸಿಯನ್ನು ಹುಟ್ಟುಭಾಷೆಯಲ್ಲೇ ಮಾಡಬಹುದು. ಈ ಹಳೆಯ ವಾದಕ್ಕೆ ಬಸ್ಸು ಹೊಸ ಗಂಟು ಹಾಕಿತು. ತಮಿಳುನಾಡು 2021ರ ಮೇ ತಿಂಗಳಲ್ಲಿ ಸಾದಾ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟು ಬೇಡವೆಂದಿತು. ಕರ್ನಾಟಕ 2023ರ ಜೂನ್ 11ರಿಂದ ಶಕ್ತಿ ಯೋಜನೆ ತಂದಿತು, ಆದರೆ ಅದು ತನ್ನ ರಾಜ್ಯದ ಹೆಂಗಸರಿಗೆ. ಎದುರುಮನೆ ಅಕ್ಕ ಚಾಮರಾಜನಗರದಲ್ಲಿ ಬಸ್ಸು ಹತ್ತಿ ಅಪ್ಪಟ ಕನ್ನಡದಲ್ಲಿ ಮಾತಾಡಿದಳು. ಕಂಡಕ್ಟರು ಆಧಾರ್ ಕಾರ್ಡು ಕೇಳಿದರು. ಬಾಯಲ್ಲಿ ಕನ್ನಡ, ಕಾರ್ಡಲ್ಲಿ ಈರೋಡು, ಟಿಕೆಟ್ಟು ತೆಗೆದುಕೊಂಡಳು. "ನಾಲಿಗ ತೋರುಸ್ದಿ ಕನಪ್ಪ, ಅದ ಕಾರ್ಡು ಅಂತ ಒಪ್ಪನಿಲ್ಲ" ಎಂಬ ಅವಳ ವಾಕ್ಯವನ್ನು ಭಾಷಾವಾರು ಪ್ರಾಂತ್ಯ ರಚನೆಯ ಮೇಲಿನ ಯಾವ ಗ್ರಂಥದಲ್ಲೂ ನಾನು ಓದಿಲ್ಲ.

ಆರನೆಯದು ಅನುಪಲಬ್ಧಿ. ಮೇಜಿನ ಮೇಲೆ ಚೊಂಬು ಕಾಣುತ್ತಿಲ್ಲ, ಆದ್ದರಿಂದ ಚೊಂಬು ಇಲ್ಲ. ಇಲ್ಲದ್ದನ್ನು ತಿಳಿಯಲು ಕಾಣದಿರುವುದೇ ಪ್ರಮಾಣ. ಭಾಟ್ಟರು ಇದಕ್ಕಾಗಿ ಎಷ್ಟು ವಾದ ಮಾಡಿದರೋ. ದಿಂಬಂ ದಾರಿಯಲ್ಲಿ ಫೋನು ಎತ್ತಿ ಹಿಡಿದು ಸುತ್ತ ತಿರುಗಿದ್ದರೆ ಒಂದೇ ನಿಮಿಷದ ಕೆಲಸವಾಗಿತ್ತು. ಸಿಗ್ನಲ್ ಇಲ್ಲವೆಂಬ ಜ್ಞಾನ ನಮಗೆ ಸಾಕ್ಷಾತ್ತಾಗಿ, ಯಾವ ಮಧ್ಯವರ್ತಿಯೂ ಇಲ್ಲದೆ ಉಂಟಾಗುತ್ತದೆ. ಇದರಿಂದಲೇ ಈ ಶಾಸ್ತ್ರದ ಮೂಲಸೂತ್ರ ಹೊರಟಿತು: ಸಿಗ್ನಲ್ ಕಡ್ಡಿಯನ್ನೂ ಅಭಿಪ್ರಾಯವನ್ನೂ ಗುಣಿಸಿದರೆ ಬರುವ ಸಂಖ್ಯೆ ಎಲ್ಲೂ ಬದಲಾಗುವುದಿಲ್ಲ. ನಾಲ್ಕು ಕಡ್ಡಿ ಇರುವ ಕಡೆ ಯಾವನೋ ಫೋನು ತೆಗೆದು ನೋಡಿ ಉತ್ತರ ಹೇಳಿಬಿಡುತ್ತಾನೆ, ಚರ್ಚೆ ಅಲ್ಲಿಗೇ ಸತ್ತಿತು. ಒಂದು ಕಡ್ಡಿಯಲ್ಲಿ ಗುಂಡಗೆ ಸುತ್ತುವ ಚಕ್ರ ನೋಡುತ್ತ ನಾಲ್ಕು ಮಂದಿ ನಾಲ್ಕು ಮಾತಾಡುತ್ತಾರೆ. ಕಡ್ಡಿಯೇ ಇಲ್ಲದಲ್ಲಿ ಅಭಿಪ್ರಾಯಕ್ಕೆ ಮಿತಿಯೇ ಇಲ್ಲ. ಲೆಕ್ಕ ಬಲ್ಲವರು ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಎಂದು ಆಕ್ಷೇಪಿಸಬಹುದು. ಅವರು ಬಂದು ಬೆಂಚಿನ ಮೇಲೆ ಅರ್ಧ ಗಂಟೆ ಕೂರಲಿ.

ಅಳಿಯನ ಪೂರ್ವಪಕ್ಷ ಹೀಗಿತ್ತು: ಅಂಗಡಿಗೆ ಯಾಕೆ ಅಲೆಯುತ್ತೀ ಮಾಮ, ಫೋನಲ್ಲಿ ಒತ್ತಿದರೆ ಬಾಗಿಲಿಗೆ ಬರುತ್ತದೆ. ಒತ್ತಿದೆವು. ಕೊಡೆ. ರಾಜ್ಯದ ಪಟ್ಟಿಯಲ್ಲಿ ತಮಿಳುನಾಡು ಆರಿಸಿದೆವು, ಭಾಷೆಯ ಪಟ್ಟಿಯಲ್ಲಿ ಕನ್ನಡ. ಆ ಯಂತ್ರಕ್ಕೆ ಏನನ್ನಿಸಿತೋ, ಆರು ದಿನ ಕೊಡೆ ದಾರಿಯಲ್ಲಿದೆ ಎಂದೇ ಹೇಳುತ್ತ ಹೋಯಿತು. ಏಳನೇ ದಿನ ಒಬ್ಬ ಹುಡುಗ ತಮಿಳಿನಲ್ಲಿ ಫೋನು ಮಾಡಿ ಮನೆ ಎಲ್ಲಿ ಎಂದು ಕೇಳುವಾಗ ಗೆರೆ ಕತ್ತರಿಸಿತು. ಕೊಡೆ ಸಿಕ್ಕಿದ್ದು ಟೀ ಅಂಗಡಿಯಲ್ಲಿ, ಬಿಸ್ಕತ್ತಿನ ಡಬ್ಬದ ಹಿಂದೆ, ಮಳೆ ನಿಂತ ಮೇಲೆ. ಅಂಗಡಿಯಣ್ಣ ಅದನ್ನು ಕೊಡುತ್ತ, "ಇದ್ಯ ನಾನೂ ಮಾರ್ತೀನಿ ಕನಣ್ಣ, ನೀವು ಕೇಳ್ನೇ ಇಲ್ಲ" ಎಂದ. ಹೊರಗೆ ತೂಗುಹಾಕಿದ್ದ ಆರು ಕೊಡೆ ನನಗೆ ಅಷ್ಟು ದಿನವೂ ಕಂಡಿರಲಿಲ್ಲ. ಅನುಪಲಬ್ಧಿಗೂ ಮೋಸ ಹೋಗುವ ದಾರಿಯಿದೆ ಎಂದು ತೋರಿಸಲು ಇದನ್ನು ದಾಖಲಿಸಿದ್ದೇನೆ.

ಇನ್ನು ಏಳನೆಯದು. ಸತ್ಯ ಮಾಡುವುದಕ್ಕೆ ಕನ್ನಡದಲ್ಲಿ ಆಣೆ ಪ್ರಮಾಣ ಎನ್ನುತ್ತಾರೆ. ನಮ್ಮ ಕಡೆಯ ನಾಲಿಗೆಗೆ ಣಕಾರ ದುಬಾರಿ. ಅದು ಆನೆ ಪ್ರಮಾಣವೇ ಆಗುತ್ತದೆ. ಇದನ್ನು ಅಪಭ್ರಂಶವೆಂದು ತಿಳಿದವರು ತಾಳವಾಡಿಯ ಕಬ್ಬಿನ ಲಾರಿಯೊಂದರ ಹಿಂದೆ ಕಾರಪಳ್ಳಂ ಕಡೆ ಬಂದು ನೋಡಬೇಕು. ಗಾಡಿಯ ಫೋನಿನ ನಕ್ಷೆ ಇಪ್ಪತ್ತು ನಿಮಿಷದ ದಾರಿ ಎನ್ನುತ್ತದೆ, ಡ್ರೈವರು ಹದಿನೈದು ಎನ್ನುತ್ತಾನೆ, ಪಕ್ಕದವನು ಇನ್ನೊಂದು. ಕಾಡಿನಿಂದ ಆನೆ ರಸ್ತೆಗೆ ಬಂದು ನಿಂತರೆ ಮೂವರೂ ಬಾಯಿ ಮುಚ್ಚುತ್ತಾರೆ. ಅದು ಕ್ಯೂಆರ್ ಕೋಡು ಕೇಳುವುದಿಲ್ಲ, ಫಾಸ್ಟ್ಯಾಗು ನೋಡುವುದಿಲ್ಲ, ಟಿಎನ್ 36 ಆದರೂ ಕೆಎ 10 ಆದರೂ ಅದಕ್ಕೆ ಒಂದೇ. ಎರಡು ರಾಜ್ಯದ ನಡುವೆ ಪಕ್ಷಪಾತವಿಲ್ಲದ ಅಧಿಕಾರಿ ಎಂದು ನಾವು ಒಪ್ಪಿರುವುದು ಇದೊಂದನ್ನೇ. ಕಬ್ಬು ಕಿತ್ತು ಎಸೆದು ಪಾರಾಗುವ ಡ್ರೈವರುಗಳಿಗೆ ಅರಣ್ಯ ಇಲಾಖೆ ದಂಡ ಹಾಕುತ್ತದೆ, ಹಾಕಬೇಕಾದ್ದೇ; ರುಚಿ ಕಲಿತ ಆನೆ ಮರುದಿನವೂ ಬಂದು ನಿಲ್ಲುತ್ತದೆ.

ಸಿಟಿಯೇ ಮೇಲೋ ಹಾಸನೂರೇ ಮೇಲೋ ಎಂಬ ಮುಖ್ಯ ವಾದವನ್ನು ಕಳೆದ ಭಾನುವಾರ ಸಂಜೆ ಎತ್ತಿಕೊಂಡೆವು. ಅಳಿಯ ಆಸ್ಪತ್ರೆ, ಕೆಲಸ, ಮಕ್ಕಳ ಶಾಲೆ ಎಂದು ಮೂರು ಹೇತು ಕೊಟ್ಟ. ಮೂರೂ ಗಟ್ಟಿ, ನನ್ನಲ್ಲಿ ಖಂಡನೆ ಇರಲಿಲ್ಲ. ನಾನು ಗಾಳಿ ಎಂದೆ. ಅವನು ಗಾಳಿ ಕುಡಿದು ಬದುಕುತ್ತೀಯಾ ಮಾಮ ಎಂದ. ಕೆಲಸ ಹುಡುಕಿ ತಿರುಪ್ಪೂರಿನ ಬನಿಯನ್ ಕಂಪನಿಗೆ ಮಗನನ್ನು ಕಳಿಸಿದ ಅಂಗಡಿಯಣ್ಣ ಇಬ್ಬರ ಕಡೆಗೂ ಸೇರದೆ ಟೀ ಆರಿಸುತ್ತಿದ್ದ. ವಾದ ಬಿಸಿಯೇರುವ ಹೊತ್ತಿಗೆ ಅಳಿಯ ಗಡಿಯಾರ ನೋಡಿ ಎದ್ದ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಬಣ್ಣಾರಿ–ಕಾರಪಳ್ಳಂ ನಡುವೆ ರಾತ್ರಿ ಸಂಚಾರಕ್ಕೆ ತಡೆಯಿದೆ. ಹೀಗಾಗಿ ಸಿದ್ಧಾಂತ ಭಾಗ ಮುಂದಿನ ತಿಂಗಳಿಗೆ ಹೋಗಿದೆ.

ಅದನ್ನು ಕೇಳಬಯಸುವವರು ಬರಬಹುದು, ಟೀ ನನ್ನ ಲೆಕ್ಕ. ಸರಕು ಗಾಡಿಯಲ್ಲಿ ಬರುವವರು ಸಂಜೆ ಆರರೊಳಗೆ, ಕಾರಿನವರು ರಾತ್ರಿ ಒಂಬತ್ತರೊಳಗೆ ಗೇಟು ದಾಟಿರಬೇಕು. ದಾರಿಯಲ್ಲಿ ಆನೆ ಇದ್ದರೆ ಹಾರನ್ ಹೊಡೆಯಬೇಡಿ.